ಆಮೆಯವರ ಬುತ್ತಿ

ಕಾರ್ತಿಕ ಹಿಡಿದಿತ್ತು. ಹಿಂದಿನ ವಾರ ಬಿದ್ದ ಮಳೆಗೆ ನೆಲ ಮೆತ್ತಗಾಗಿ, ಎಳೆದರೆ ಶೇಂಗಾ ಬಳ್ಳಿ ಕಾಯಿ ಸಮೇತ ಕೈಗೆ ಬರುತ್ತಿತ್ತು. ಇಂಥ ಹದ ಸಿಕ್ಕಾಗ ನಮ್ಮೂರಲ್ಲಿ ಯಾರೂ ಮನೆಯಲ್ಲಿ ಕೂರುವುದಿಲ್ಲ. ಆ ದಿನ ಹೊಳೆವ್ವನ ಹೊಲದಲ್ಲಿ ಮುಯ್ಯಿ ಇತ್ತು. ಇವತ್ತು ಅವಳ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವಳು. ಎಲ್ಲರೂ ಕುಕ್ಕರಗಾಲಲ್ಲಿ ಕೂತು, ಬಳ್ಳಿ ಕಿತ್ತು, ಬುಡದ ಮಣ್ಣು ಕೊಡವಿ, ಪಕ್ಕಕ್ಕೆ ಗುಡ್ಡೆ ಹಾಕುತ್ತ ಮುಂದೆ ಸರಿಯುತ್ತಿದ್ದೆವು. ಬಿಸಿಲು ಇನ್ನೂ ಬೆನ್ನು ಮುಟ್ಟಿರಲಿಲ್ಲ.

ಶೇಂಗಾ ಕೀಳುವ ಕಾಲವೆಂದರೆ ನನಗೆ ಎರಡು ಕೆಲಸದ ಕಾಲ. ಇಷ್ಟು ಜನರ ಬೆರಳು ಮಣ್ಣಿಗೆ ಇಳಿದಾಗ ಕಾಯಿಯ ಜೊತೆ ಕಲ್ಲೂ ಸಿಗುತ್ತವೆ. ಅವುಗಳಲ್ಲಿ ಏನಾದರೊಂದು ಆಕಾರ ಇದ್ದವು ಸಂಜೆಗೆ ನನ್ನ ಮನೆಯ ಕಟ್ಟೆಗೆ ಬರುತ್ತವೆ. ನಮ್ಮೂರಲ್ಲಿ, ಒಂದು ಕಾಲಕ್ಕೆ ಜೀವವಿದ್ದು ಆಮೇಲೆ ಕಲ್ಲಾದದ್ದು ಯಾರ ಹೊಲದಲ್ಲಿ ಏಳುತ್ತದೋ ಅದು ಆ ಮನೆಯ ಹಿರಿಯರು. ಶಂಖವಾದರೂ ಸರಿ, ಮೀನಾದರೂ ಸರಿ, ಮರದ ಬೊಡ್ಡೆಯಾದರೂ ಸರಿ. ಮನೆಯವರು ಅದಕ್ಕೆ ಮೊದಲ ನೀರು ಹಾಕಿ, ಸೂತಕ ಹಿಡಿದು, ಅತ್ತು, ಊರ ಪಡುವಣದ ಹಿರೇರ ಬಯಲಿನಲ್ಲಿ ನೆಡುತ್ತಾರೆ. ನೆಟ್ಟ ಕಲ್ಲಿನ ಮುಂದಿನ ನೆಲದ ಪಟ್ಟಿ ಆ ಮನೆಗೆ ಸೇರಿದ್ದು. ಆ ಮನೆಯಲ್ಲಿ ತೀರಿಕೊಂಡವರು ಅಲ್ಲಿಯೇ ಮಣ್ಣಾಗುತ್ತಾರೆ. ಹಿರಿಯರಿಲ್ಲದ ಮನೆಯವರನ್ನು ಹಳ್ಳದ ಆಚೆ ಒಯ್ಯುತ್ತಾರೆ.

ಜೀವದ ಕಲ್ಲು ಯಾವುದು, ಬರೀ ಕಲ್ಲು ಯಾವುದು ಎಂದು ಹೇಳುವ ಕೆಲಸ ನಮ್ಮ ಮನೆಯದು. ಊರವರು ನಮ್ಮನ್ನು ನಾಲಿಗೆ ಮನೆಯವರು ಎನ್ನುತ್ತಾರೆ. ಕಲ್ಲಾದ ಎಲುಬನ್ನು ನಾಲಿಗೆಯ ತುದಿಗೆ ಇಟ್ಟರೆ ಮೆತ್ತಗೆ ಹಿಡಿದುಕೊಳ್ಳುತ್ತದೆ, ಬಿಡಿಸಲು ಸ್ವಲ್ಪ ಎಳೆಯಬೇಕು. ಹಾದಿಯ ಕಲ್ಲು ಹಾಗೆ ಹಿಡಿಯುವುದಿಲ್ಲ. ಆದರೆ ನಾಲಿಗೆಯೊಂದನ್ನೇ ನಂಬಿ ಕೂತರೆ ಆಗುವುದಿಲ್ಲ. ಎಲುಬಾದರೆ ಮುರಿದ ಕಡೆ ಜೇನುಹುಟ್ಟಿನಂತೆ ತೂತು ತೂತು ಇರಬೇಕು. ಚಿಪ್ಪಾದರೆ ಗೆರೆಗಳು ಒಂದೇ ಅಂತರದಲ್ಲಿ ಓಡಿರಬೇಕು. ಮರವಾದರೆ ಅಡ್ಡ ಸೀಳಿದಾಗ ವರ್ಷದ ಬಳೆಗಳು ಕಾಣಬೇಕು. ಹಾಸುಗಲ್ಲಿನ ಮೇಲೆ ಕಪ್ಪಗೆ ಗಿಡ ಬರೆದಂತೆ ಇರುತ್ತದೆ, ಜನ ಹಿಗ್ಗಿ ಹೊತ್ತು ತರುತ್ತಾರೆ. ನೋಡಿದರೆ ಎಲೆಗೆ ನಡುನರವೇ ಇರುವುದಿಲ್ಲ. ಅದು ಬಿರುಕಿನೊಳಗೆ ಇಳಿದ ನೀರಿನ ಕಲೆ, ಗಿಡವಲ್ಲ. ಇನ್ನು ಗುಂಡಗೆ ಇದ್ದದ್ದೆಲ್ಲ ಮೊಟ್ಟೆಯೇ ಎಂದು ತರುವವರಿಗೆ ಲೆಕ್ಕವಿಲ್ಲ. ಒಂದು ವರ್ಷ ಮೇಲೋಣಿಯ ಹೆಂಗಸೊಬ್ಬಳು ಕಂದು ಬಣ್ಣದ ಉಂಡೆಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಅರ್ಧ ಅಳುತ್ತಲೇ ಬಂದಿದ್ದಳು. ನಾಲಿಗೆಗೆ ಇಟ್ಟೆ, ಚೆನ್ನಾಗಿ ಅಂಟಿತು. ಸಿಹಿಯೂ ಹತ್ತಿತು. ಅವರ ಅತ್ತೆ ಯಾವ ಕಾಲದಲ್ಲೋ ಹಿತ್ತಲಲ್ಲಿ ಹೂತಿಟ್ಟು ಮರೆತ ಬೆಲ್ಲ ಅದು.

ಹೊಳೆವ್ವನ ಮನೆಯವರನ್ನು ಆಮೆಯವರು ಎಂದು ಕರೆಯುವುದು. ಅವಳ ಮಾವ ಬಾವಿ ತೋಡುವ ಕೆಲಸಕ್ಕೆಂದು ಬೇರೆ ಕಡೆಯಿಂದ ಬಂದವನು, ತುಂಡು ಹೊಲ ಹಿಡಿದು ಇಲ್ಲಿಯೇ ನಿಂತ. ಹೊಳೆವ್ವ ಸೊಸೆಯಾಗಿ ಬಂದ ವರ್ಷ, ಇದೇ ಹೊಲದಲ್ಲಿ, ಇದೇ ಶೇಂಗಾ ಕೀಳುವಾಗ ಅವಳ ಕೈಗೇ ಆಮೆ ಸಿಕ್ಕಿತು. ಕುಂಬಳಕಾಯಿ ಗಾತ್ರ, ಬೆನ್ನ ಮೇಲೆ ಚಕ್ಕೆ ಚಕ್ಕೆ. ಆಗ ನಾಲಿಗೆ ಇಟ್ಟವಳು ನನ್ನ ಅತ್ತೆ. ಅವರಿಗೆ ಊರು ಎನ್ನುವುದು ಆದದ್ದು ಆ ಕಲ್ಲಿನಿಂದ. ಆಮೆ ಅಜ್ಜನ ಮುಂದಿನ ಪಟ್ಟಿಯಲ್ಲಿ ಅವಳ ಮಾವ ಇದ್ದಾನೆ, ಅತ್ತೆ ಇದ್ದಾಳೆ, ನಾಲ್ಕಾರು ವರ್ಷದ ಕೆಳಗೆ ತೀರಿಕೊಂಡ ಗಂಡ ದ್ಯಾಮಣ್ಣನೂ ಇದ್ದಾನೆ. ಮಕ್ಕಳಾಗಲಿಲ್ಲ. ದ್ಯಾಮಣ್ಣನ ಮಗ್ಗುಲಿನ ಜಾಗ ಹೊಳೆವ್ವನದು ಎಂಬುದು ಊರಿಗೆಲ್ಲ ಗೊತ್ತು. ಅವಳೇ ವರ್ಷಕ್ಕೊಮ್ಮೆ ಅಲ್ಲಿ ಹುಲ್ಲು ಕಿತ್ತು, "ನನ್ನ ಹಾಸಿಗಿ ಝಾಡಿಸಿ ಬಂದೆ" ಎಂದು ಹೇಳುವುದೂ ಗೊತ್ತು.

ಆ ದಿನ ಪರಸಪ್ಪ ಮುಯ್ಯಿಗೆ ತಡವಾಗಿ ಬಂದ. ಪರಸಪ್ಪ ಶಂಖದ ಮನೆಯವನು, ಹೊಳೆವ್ವನ ಹೊಲದ ಬದುವಿಗೆ ಬದು ಹಚ್ಚಿದ ಹೊಲದವನು, ದ್ಯಾಮಣ್ಣನ ಜೀವದ ಗೆಳೆಯ. ಎಪ್ಪತ್ತು ದಾಟಿದ್ದರೂ ಬಳ್ಳಿ ಕೀಳುವುದರಲ್ಲಿ ಯಾರಿಗೂ ಸೋಲುವವನಲ್ಲ. ಅವನಿಗೂ ಹೊಳೆವ್ವನಿಗೂ ದಿನ ಬೆಳಗಾದರೆ ಮಾತಿಗೆ ಮಾತು. ಬಂದವನು ಅವಳ ಪಕ್ಕದ ಸಾಲಿನಲ್ಲಿ ಕೂತು, ಒಂದೆರಡು ಬಳ್ಳಿ ಕಿತ್ತು, ಮುಖ ನೋಡದೆ ಹೇಳಿದ:

"ಹೊಳೆವ್ವಾ, ನಿಮ್ಮ ಅಜ್ಜ ಬಾಯಿ ತೆರದಾನ."

"ಹಸಿವಾಗಿರಬೇಕು. ನಿನ್ನಂಗ ಹೊತ್ತೇರಿದ ಮ್ಯಾಲ ಎದ್ದಿರಬೇಕು" ಎಂದಳು ಹೊಳೆವ್ವ.

"ನಗಚಾಟಕಿ ಅಲ್ಲ. ಮುಂಜಾನೆ ಗೌರವ್ವನ ಕಡೆ ಹೋಗಿದ್ದೆ. ಆಮಿ ಅಜ್ಜ ಎರಡು ಹೋಳಾಗಿ ಬಿದ್ದಾನ. ಮಳಿಗಿ ಒಡದೈತಿ."

ಗೌರವ್ವ ಅವನ ಹೆಂಡತಿ, ತೀರಿಕೊಂಡು ವರ್ಷ ತುಂಬಿರಲಿಲ್ಲ. ಅವನು ದಿನಾ ಬೆಳಗ್ಗೆ ಅಲ್ಲಿಗೆ ಹೋಗಿಬರುತ್ತಿದ್ದ. ಹೊಳೆವ್ವ ಕೈ ನಿಲ್ಲಿಸಲಿಲ್ಲ. ತಾನು ಹಿಡಿದ ಸಾಲನ್ನು ಕೊನೆಯವರೆಗೂ ಕಿತ್ತಳು. ಕಿತ್ತು ಮುಗಿಸಿ, ಸೀರೆಯ ಮಣ್ಣು ಕೊಡವಿಕೊಂಡು, ನನ್ನ ಕಡೆ ನೋಡಿ, "ಚಂಬವ್ವಾ, ಬಾ" ಎಂದಳು.

ಹಿರೇರ ಬಯಲಿನಲ್ಲಿ ಕಲ್ಲುಗಳು ಮೂಡಲಕ್ಕೆ ಮುಖ ಮಾಡಿ ನಿಂತಿವೆ. ಮೀನಿನವರದು, ಬೊಡ್ಡೆಯವರದು, ಹಲ್ಲಿನವರದು, ಶಂಖದವರದು. ಕಡೆಯದು ಆಮೆಯವರದು. ಪರಸಪ್ಪ ಹೇಳಿದಂತೆ ಕಲ್ಲು ನೆತ್ತಿಯಿಂದ ಬುಡದವರೆಗೆ ಸೀಳಿ, ಎರಡು ಹೋಳು ಎರಡು ಕಡೆ ಮಗುಚಿ ಬಿದ್ದಿದ್ದವು. ಒಳಗಿನ ಭಾಗ ಬಿಸಿಲಿಗೆ ತೆರೆದುಕೊಂಡಿತ್ತು. ನಾನು ಬಗ್ಗಿ ನೋಡಿದೆ.

ಆಮೆಯಾಗಿದ್ದರೆ ಮೇಲೆ ಬೆರಳುದಪ್ಪದ ಚಿಪ್ಪು ಬೇರೆಯಾಗಿ ಕಾಣಬೇಕಿತ್ತು. ಚಿಪ್ಪಿನ ಒಳಮಗ್ಗುಲಿಗೆ ಸಣ್ಣ ತೂತುಗಳು, ಬೆನ್ನೆಲುಬಿನ ಗಂಟುಗಳು ಇರಬೇಕಿತ್ತು. ಅಂಥದ್ದೇನೂ ಇರಲಿಲ್ಲ. ಹೊರಗಿಂದ ಒಳಗಿನವರೆಗೆ ಒಂದೇ ಕಂದು ಮಣ್ಣು, ಬಿರುಸಾಗಿ ಕಲ್ಲಾಗಿತ್ತು. ನಡುವಿನಿಂದ ಬಿಳಿ ಸುಣ್ಣದ ನರಗಳು ಹೊರಟು, ದಪ್ಪ ಇದ್ದದ್ದು ಸಣ್ಣದಾಗುತ್ತ ಮೇಲಕ್ಕೆ ಹೋಗಿದ್ದವು. ಕೆರೆಯ ತಳದ ಕೆಸರು ಒಣಗಿದಾಗ ಬಿರಿಯುತ್ತದಲ್ಲ, ಹಾಗೆ ಯಾವುದೋ ಕಾಲದ ಕೆಸರಿನ ಉಂಡೆ ಒಳಗೊಳಗೇ ಬಿರಿದಿದೆ, ಬಿರುಕಿಗೆ ಸುಣ್ಣ ತುಂಬಿದೆ. ಆ ಬಿರುಕು ಮೇಲೆ ಬಂದು ಮುಟ್ಟಿದ ಕಡೆಯೆಲ್ಲ ಆಮೆಯ ಬೆನ್ನಿನ ಚಕ್ಕೆಯಂತೆ ಕಂಡಿದೆ.

"ಏನ ಕಾಣತೈತಿ?" ಎಂದಳು ಹೊಳೆವ್ವ. ಅವಳು ನಿಂತೇ ಇದ್ದಳು.

"ಮಣ್ಣು, ಚಿಗವ್ವ."

"ನಾಲಿಗಿ ಇಟ್ಟು ಹೇಳು."

ಇಟ್ಟೆ. ಹೊರಮಗ್ಗುಲಿನ ಒಣ ಜಾಗದಲ್ಲಿ ನಾಲಿಗೆ ಅಂಟಿತು. ಅವಳ ಮುಖದಲ್ಲಿ ಆಸೆ ಬಂದದ್ದು ಕಂಡಿತು. ಅದನ್ನು ನೋಡಿಯೂ ನಾನು ಚೊಂಬಿನ ನೀರು ಸ್ವಲ್ಪ ಹನಿಸಿ ಅದೇ ಜಾಗವನ್ನು ಹೆಬ್ಬೆರಳಿಂದ ಉಜ್ಜಿದೆ. ಮೇಲಿನ ಪದರ ಕೆಸರಾಗಿ ಬೆರಳಿಗೆ ಬಂತು. ತೊಳೆದ ಮೇಲೆ ನಾಲಿಗೆ ಜಾರಿತು. ಒಣ ಮಣ್ಣೂ ನಾಲಿಗೆಯನ್ನು ಹಿಡಿಯುತ್ತದೆ. ಅದಕ್ಕೇ ಮೊದಲು ತೊಳೆದು ನೋಡಬೇಕು. ಆದರೆ ಹೊಲದಿಂದ ಹೊಸದಾಗಿ ಬಂದ ಕಲ್ಲಿಗೆ ಮೊದಲ ನೀರು ಹಾಕುವ ಹಕ್ಕು ಮನೆಯವರದು, ನಾಲಿಗೆ ಮನೆಯವರು ಹನಿ ನೀರೂ ಮುಟ್ಟಿಸುವಂತಿಲ್ಲ. ಆಮೆ ಸಿಕ್ಕ ಕಾರ್ತಿಕದಲ್ಲಿ ಮಳೆ ಇಲ್ಲದೆ ನೆಲ ಕಾದ ಹೆಂಚಾಗಿತ್ತಂತೆ. ಅತ್ತೆಯ ನಾಲಿಗೆಗೆ ಆ ಕಲ್ಲು ಎಷ್ಟು ಬಿಗಿಯಾಗಿ ಅಂಟಿತ್ತೋ. ಬೆನ್ನ ಮೇಲೆ ಚಕ್ಕೆಗಳೂ ಇದ್ದವು. ಅವಳ ಜಾಗದಲ್ಲಿ ಯಾರಿದ್ದರೂ ಹೌದು ಎನ್ನುತ್ತಿದ್ದರು.

ಹೊಳೆವ್ವ ಬಹಳ ಹೊತ್ತು ಹೋಳುಗಳನ್ನು ನೋಡಿದಳು. "ನಾನ ನೀರ ಹಾಕಿದಾಕಿ" ಎಂದಳು. "ಎಷ್ಟ ಕೊಡ ಹಾಕಿದರೂ ಕೆಂಪು ನೀರು ನಿಲ್ಲಲಿಲ್ಲ. ಅಜ್ಜ ಭಾಳ ದೂರದಿಂದ ಬಂದಾನ, ಧೂಳಾಗ್ಯಾನ ಅಂದಳು ನಮ್ಮತ್ತಿ." ಸ್ವಲ್ಪ ನಕ್ಕಳು ಕೂಡ. ಆಮೇಲೆ ದ್ಯಾಮಣ್ಣನ ಮಗ್ಗುಲಿನ ಬರಿದಾದ ಜಾಗದ ಅಂಚಿಗೆ ಹೋಗಿ ಕೂತಳು, ಅದರೊಳಕ್ಕೆ ಕಾಲಿಡಲಿಲ್ಲ. ನಾನು ನಿಂತಿದ್ದೆ. ಇದನ್ನು ಊರಿಗೆ ಹೇಳಲೇಬೇಕೇ ಎಂದು ನನ್ನ ಮನಸ್ಸು ಅತ್ತಿತ್ತ ಹೊಯ್ದಾಡಿದ್ದು ನಿಜ. ಅವಳಿಗೆ ಅದು ತಿಳಿಯಿತು. "ನೀ ನನ್ನ ಸಲುವಾಗಿ ಬಾಯಿ ಮುಚ್ಚಬ್ಯಾಡ" ಎಂದಳು. "ಈ ಮಂದ್ಯಾಗ ಕದ್ದು ಮಲಗಿದರ ನನಗ ನಿದ್ದಿ ಹತ್ತೂದಿಲ್ಲ."

ಅದೇ ಸಂಜೆ ಪರಸಪ್ಪ ನಮ್ಮ ಕಟ್ಟೆಗೆ ಬಂದ. ಏನನ್ನೂ ಕೇಳಲು ಬಂದಿಲ್ಲ ಎಂದು ಮೊದಲೇ ಹೇಳಿ ಕೂತ. ಚಹ ಕೊಟ್ಟೆ, ಕುಡಿದ. ಈ ಸಲದ ಕಾಯಿ ದಪ್ಪ ಬಂದಿವೆ ಎಂದ, ಹಂದಿಯ ಕಾಟ ಎಂದ. ಎದ್ದು ಹೋಗುವ ಹೊತ್ತಿಗೆ ಬಾಗಿಲಲ್ಲಿ ನಿಂತು, ಎಂದಿನ ಕುಹಕವಿಲ್ಲದೆ ಹೇಳಿದ:

"ಗೌರವ್ವನ ಬಲಕ್ಕ ನಮ್ಮವ್ವ. ಎಡಕ್ಕ ಗಡಿ. ಗಡಿ ಆಚೆ ಹೊಳೆವ್ವನ ಪಟ್ಟಿ. ನಮ್ಮ ಪಟ್ಟಿ ತುಂಬೇತಿ, ಚಂಬವ್ವ. ನಾ ಸತ್ತರ ನನ್ನನ್ನ ಎಲ್ಲಾರ ಕಾಲದೆಸಿಗಿ ಒಯ್ದು ಮುತ್ತಜ್ಜನ ಬಾಜೂಕ ಹಾಕತಾರ. ಆಂವನ್ನ ನಾ ನೋಡೇ ಇಲ್ಲ. ಏನ ಮಾತಾಡಲಿ ಆಂವನ ಕೂಡ?"

ಅವನ ಕಷ್ಟ ಆಗ ನನಗೆ ತಿಳಿಯಿತು. ಹೊಳೆವ್ವನ ಪಟ್ಟಿ ಊರಿಗೆ ಬಿದ್ದರೆ ಅದರ ಅಂಚಿನ ಜಾಗ ಪಕ್ಕದ ಪಟ್ಟಿಯವನಾದ ಅವನಿಗೇ ಬರುತ್ತಿತ್ತು. ಗೌರವ್ವನ ಪಕ್ಕಕ್ಕೇ. ಅವನು ಕೇಡು ಬಯಸುವ ಮನುಷ್ಯನಲ್ಲ. ಒಡೆದ ಕಲ್ಲನ್ನು ಅವನಲ್ಲದಿದ್ದರೆ ಇನ್ನೊಬ್ಬರು ನೋಡುತ್ತಿದ್ದರು. ಆದರೂ ಮೊದಲು ನೋಡಿ ಹೇಳಿದವನು ಅವನೇ ಆದದ್ದು ಅವನನ್ನು ಚುಚ್ಚುತ್ತಿತ್ತು.

ಮಾರನೆಯ ದಿನ ಹುಣಸೆಮರದ ಕೆಳಗೆ ದೈವದವರು, ಅಂದರೆ ಊರ ಪಂಚರು, ಸೇರಿದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ: ಕಲ್ಲು ಆಮೆಯಲ್ಲ, ಕೆಸರಿನ ಉಂಡೆ, ನಮ್ಮ ಅತ್ತೆಯ ನಾಲಿಗೆಗೆ ಅಂಟಿದ್ದು ಒಣ ಮಣ್ಣು. ಸುಳ್ಳು ಕಲ್ಲಿಗೆ ಯಾವುದಾದರೂ ಮನೆ ಹಿಂದೆ ಸೂತಕ ಹಿಡಿದದ್ದು ಯಾರಿಗೂ ನೆನಪಿರಲಿಲ್ಲ. ಹಿಂದಿನವರು ಇದಕ್ಕೊಂದು ಕಟ್ಟಳೆ ಇಟ್ಟಿದ್ದಾರೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಮೀನಿನ ಮನೆಯ ಹಿರಿಯ ರಾಚಪ್ಪ ದೈವಕ್ಕೆ ದೊಡ್ಡವನು. ಅವನು ಕಡ್ಡಿಯಿಂದ ನೆಲ ಕೆದರುತ್ತ ಯೋಚಿಸಿದ. ಮಣ್ಣಾದ ಮೂವರನ್ನು ಮುಟ್ಟುವುದು ಬೇಡ, ಅವರು ಅಲ್ಲಿಯೇ ಇರಲಿ ಎಂದು ಮೊದಲು ಹೇಳಿದ. ಅದಕ್ಕೆ ಎಲ್ಲರೂ ಒಪ್ಪಿದರು. ಆಮೇಲೆ ಬಂದದ್ದು ಹೊಳೆವ್ವನ ವಿಷಯ. ಸೂತಕ ಹಿಡಿದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಸೂತಕ ಕಳೆಯುವವರೆಗೂ ದಿನಕ್ಕೊಂದು ಮನೆಯಿಂದ ಬುತ್ತಿ ಬರುತ್ತದೆ. ಕಲ್ಲು ಸಿಕ್ಕ ವರ್ಷ ಆಮೆಯವರಿಗೂ ಬಂದಿತ್ತು. ರಾಚಪ್ಪ ಅದನ್ನೇ ಹಿಡಿದುಕೊಂಡ.

"ಇಲ್ಲದ ಹಿರಿಯನ ಹೆಸರಿನ್ಯಾಗ ಊರ ಅನ್ನ ಉಂಡದ್ದು ಋಣ" ಎಂದ. "ಯಾವ ಮನಿಯಿಂದ ಏನ ಬಂದಿತ್ತೋ ಅದನ್ನ ಮಾಡಿ ಆ ಮನಿಗಿ ಮುಟ್ಟಿಸಬೇಕು. ಋಣ ಇದ್ದಾಕಿನ ಊರು ಬಿಡಸೂದಿಲ್ಲ, ಪಟ್ಟಿ ಕಸಗೊಳ್ಳೂದಿಲ್ಲ. ಕಡೇ ಮನಿಯವರು ಉಂಡು ಕೈ ತೊಳದ ದಿನ ಪಟ್ಟಿ ಊರಿಗಿ ಬರತೈತಿ. ಅಲ್ಲೀತನಾ ಅದು ಅಕೀದು."

ಹೊಳೆವ್ವ ಎದ್ದು ನಿಂತು, ಆಗಬಹುದು ಎಂದಳು. ತಾನು ಯಾರ ಮನೆಯದನ್ನೂ ಮರೆತಿಲ್ಲ ಎಂದಳು. ಕೂರುವ ಮೊದಲು ಇನ್ನೊಂದು ಮಾತು ಸೇರಿಸಿದಳು: "ಮಲಗಾಕ ಜಾಗಾ ಇಲ್ಲದ ಊರಾಗ ಕುಂದರಾಕ ಯಾಕ ಬೇಕು? ಕಡೇ ಬುತ್ತಿ ಮುಟ್ಟಿಸಿ ನಮ್ಮ ತಮ್ಮನ ಮಗನ ಊರಿಗಿ ಹೊಂಟೆ."

ಜನ ಬೇಡ ಎಂದರು, ಹೋಗುವ ಮಾತು ಯಾಕೆ ಎಂದರು, ಹಳ್ಳದ ಆಚೆಯೂ ನೆಲವೇ ತಾನೇ ಎಂದು ಯಾರೋ ಅಂದು ನಾಲಿಗೆ ಕಚ್ಚಿಕೊಂಡರು. ನಾನು ಪರಸಪ್ಪನ ಕಡೆ ನೋಡಿದೆ. ಅವನು ಹೊಳೆವ್ವನನ್ನೇ ನೋಡುತ್ತಿದ್ದ, ಬಾಯಿ ಅರ್ಧ ತೆರೆದುಕೊಂಡಿತ್ತು. ಜಾಗದ ಬಗ್ಗೆ ಅವನು ಯೋಚಿಸಿದ್ದ, ಅವಳು ಹೊರಟುಬಿಡುತ್ತಾಳೆ ಎಂದು ಯೋಚಿಸಿರಲಿಲ್ಲ.

ಆ ಮೇಲೆ ಕೆಲವು ದಿನ ಹಿರೇರ ಬಯಲಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಜನ ಕಾಣತೊಡಗಿದರು. ದನ ಹುಡುಕಲು ಬಂದೆ ಎನ್ನುವವರು, ಹುಲ್ಲು ಕೊಯ್ಯಲು ಬಂದೆ ಎನ್ನುವವರು. ಕೈಯಲ್ಲಿ ಮಾತ್ರ ಚೊಂಬಿನಲ್ಲಿ ನೀರು. ತಮ್ಮ ತಮ್ಮ ಅಜ್ಜ ಅಜ್ಜಿಯರ ಮೈ ತೊಳೆದು, ಆಚೆ ಈಚೆ ನೋಡಿ, ನಾಲಿಗೆ ಚಾಚುತ್ತಿದ್ದರು. ಹಲ್ಲಿನ ಮನೆಯವನೊಬ್ಬನಿಗೆ ಕಲ್ಲಿನ ಸಂದಿನಲ್ಲಿದ್ದ ಕೆಂಜಿಗ ಕಚ್ಚಿ, ಎರಡು ದಿನ ತೊದಲುತ್ತ ಓಡಾಡಿದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆಂದು ಅವರಿಗೆ ಗೊತ್ತಿತ್ತು.

ಹೊಳೆವ್ವ ಬುತ್ತಿ ಶುರು ಮಾಡಿದಳು. ಬೆಳಗ್ಗೆ ಎದ್ದು ಅಡುಗೆ ಮಾಡಿ, ಬುಟ್ಟಿಗೆ ಬಿಳಿ ಬಟ್ಟೆ ಮುಚ್ಚಿ, ತಲೆಯ ಮೇಲೆ ಹೊತ್ತು ಹೋಗುವಳು. ಆ ಮನೆಯವರು ಉಣ್ಣುವವರೆಗೂ ಬಾಗಿಲಲ್ಲಿ ನಿಲ್ಲುವಳು. ನಮಗೆ ನೆನಪಿಲ್ಲ, ನಾವು ಕೊಟ್ಟೇ ಇಲ್ಲ ಎಂದು ಕೆಲವರು ತಪ್ಪಿಸಿಕೊಳ್ಳಲು ನೋಡಿದರು. ಅವಳ ನೆನಪಿನ ಮುಂದೆ ಅದು ನಡೆಯಲಿಲ್ಲ. ಬೊಡ್ಡೆಯವರ ಮನೆಗೆ ಹೆಸರುಬೇಳೆ ಒಯ್ದಾಗ, ಮನೆಯ ಮಗ ಮೊದಲ ತುತ್ತಿಗೇ ಮುಖ ಕಿವಿಚಿ ಉಪ್ಪು ಹೆಚ್ಚಾಗಿದೆ ಎಂದ. ನಿಮ್ಮವ್ವ ಅವತ್ತು ಹಾಕಿದಷ್ಟೇ ಹಾಕಿದ್ದೇನೆ ಎಂದು ಹೊಳೆವ್ವ ಶಾಂತವಾಗಿ ಹೇಳಿದಳು. ಅವನು ಎರಡು ತಂಬಿಗೆ ನೀರು ಕುಡಿದು ಉಂಡು ಮುಗಿಸಿದ. ರಾಚಪ್ಪನ ಮನೆಯಲ್ಲಿ ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಉಂಡಳು. ನಮ್ಮ ಮನೆಗೆ ಬಂದದ್ದು ಹುರುಳಿಯ ಸಾರು, ಅನ್ನ. ಅತ್ತೆಯ ಕೈಯ ರುಚಿಯನ್ನೇ ತಂದಿದ್ದಳು. ಒಂದೊಂದು ಮನೆ ಮುಗಿದಂತೆ ಅವಳ ಮನೆಯ ಸಾಮಾನೂ ಒಂದೊಂದಾಗಿ ಹೊರಗೆ ಹೋಗುತ್ತಿತ್ತು. ಕೋಳಿಗಳನ್ನು ನನಗೆ ಕೊಟ್ಟಳು, ಬೀಸುವ ಕಲ್ಲನ್ನು ಪಕ್ಕದ ಮನೆಗೆ ಉರುಳಿಸಿದಳು.

ನಡುವೆ ಪರಸಪ್ಪನ ಹೊಲದ ಮುಯ್ಯಿ ಬಂತು. ಹೊಳೆವ್ವ ಬರುವುದಿಲ್ಲವೇನೋ ಎಂದುಕೊಂಡಿದ್ದೆವು. ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಮುಯ್ಯಿಯೂ ಒಂದು ಋಣವೇ ತಾನೇ. ಪರಸಪ್ಪ ಎಂದಿನಂತೆ ಅವಳ ಪಕ್ಕದ ಸಾಲು ಹಿಡಿದ. ಅವರಿಬ್ಬರು ಸುಮ್ಮನಿದ್ದ ಹೊಲದಲ್ಲಿ ಕೆಲಸ ಮಾಡುವುದು ಉಳಿದವರಿಗೂ ಭಾರವಾಯಿತು. ಕಡೆಗೆ ಅವನೇ, ಹೊಲ ಯಾರಿಗೆ ಪಾಲಿಗೆ ಕೊಡುತ್ತೀ ಎಂದು ಕೇಳಿದ.

"ಯಾರು ಕೇಳತಾರೋ ಅವರಿಗಿ. ನೀನ ಮಾಡು ಭಾವ. ಬದು ಒಡದು ಒಂದ ಮಾಡಿಕೋ. ಅಲ್ಲೂ ಇಲ್ಲೂ ನಿನಗ ಅನುಕೂಲ."

ಅವಳು ಕುಹಕಕ್ಕೆ ಹೇಳಿದ್ದಲ್ಲ, ಲೆಕ್ಕ ಹಾಗೇ ಇತ್ತು. ಪರಸಪ್ಪ ಬಳ್ಳಿ ಕಿತ್ತು ಕಿತ್ತು ಎಸೆದ. ಸ್ವಲ್ಪ ಹೊತ್ತಿನ ಮೇಲೆ ಹೊಳೆವ್ವ ತಿರುಗಿ ನೋಡಿ, "ಮಣ್ಣ ಕೊಡವು" ಎಂದಳು. ಅವನ ಹಿಂದೆ ಉದ್ದಕ್ಕೂ ಬಳ್ಳಿಗಳು ಬುಡದ ಹೆಂಟೆ ಸಮೇತ ಬಿದ್ದಿದ್ದವು. ಅವಳೇ ಹಿಂದಕ್ಕೆ ಹೋಗಿ, ಒಂದೊಂದನ್ನೂ ಎತ್ತಿ ಮೊಣಕಾಲ ಮೇಲೆ ಬಡಿದು ಗುಡ್ಡೆ ಹಾಕಿದಳು.

ಕಡೆಯ ಬುತ್ತಿ ಪರಸಪ್ಪನ ಮನೆಯದಾಗಿತ್ತು. ಸೂತಕದ ಕೊನೆಯ ದಿನ ಆ ಮನೆಯಿಂದ ಬಂದಿತ್ತು, ಪರಸಪ್ಪನೇ ಹೊತ್ತು ತಂದಿದ್ದ. ಕಡೆಯ ಋಣ ತೀರುವುದಕ್ಕೆ ಸಾಕ್ಷಿ ಬೇಕೆಂದು ರಾಚಪ್ಪನನ್ನೂ ನನ್ನನ್ನೂ ಕರೆದಿದ್ದರು. ಮಧ್ಯಾಹ್ನದ ಊಟದ ಹೊತ್ತು. ಪರಸಪ್ಪ ಕೈಕಾಲು ತೊಳೆದು ತನ್ನ ಕಟ್ಟೆಯ ಮೇಲೆ ಕೂತಿದ್ದ. ಹೊಳೆವ್ವ ಬುಟ್ಟಿ ಇಳಿಸಿ ಬಟ್ಟೆ ಸರಿಸಿದಳು. ಬಿಸಿ ಜೋಳದ ನುಚ್ಚು, ಪುಂಡಿಪಲ್ಯ, ಮಜ್ಜಿಗೆ. ಹಬೆ ಏಳುತ್ತಿತ್ತು. ಪರಸಪ್ಪ ತಾಟನ್ನು ನೋಡಿದ, ಕೈ ಹಾಕಲಿಲ್ಲ.

"ಏನಿದು?"

"ಕಾಣೂದಿಲ್ಲೇನು? ನುಚ್ಚು, ಪುಂಡಿಪಲ್ಲೆ. ನೀನ ತಲಿ ಮ್ಯಾಲ ಹೊತ್ತು ತಂದಿದ್ದಿ."

"ಹೊತ್ತದ್ದು ಖರೆ. ಪುಂಡಿಪಲ್ಲೆ ಅಲ್ಲ. ಮೆಂತೆಪಲ್ಲೆ."

"ಪುಂಡಿಪಲ್ಲೆ. ನಾರು ನನ್ನ ಹಲ್ಲಿನ್ಯಾಗ ಸಿಕ್ಕಿತ್ತು."

"ಮೆಂತೆ" ಎಂದ ಪರಸಪ್ಪ.

ಇಬ್ಬರೂ ರಾಚಪ್ಪನ ಮುಖ ನೋಡಿದರು. ರಾಚಪ್ಪ ಗಡ್ಡ ಕೆರೆದುಕೊಂಡು, ಮಾಡಿದಾಕೆ ಇಲ್ಲ, ಮಾಡಿದ ಮನೆಯವನ ಮಾತೇ ನಡೆಯಬೇಕು ಎಂದ. ಹೊಳೆವ್ವ ಗೊಣಗುತ್ತ ಬುಟ್ಟಿ ಎತ್ತಿಕೊಂಡು ಹೋದಳು. ಅವಳ ನೆನಪು ತಪ್ಪಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಪುಂಡಿ, ಪುಂಡಿ ಎನ್ನುತ್ತಿದ್ದಳು.

ಮರುದಿನ ಮೆಂತೆಪಲ್ಯ ಬಂತು. ಪರಸಪ್ಪ ನೋಡಿ, ಪಲ್ಯ ಸರಿಯಾಗಿದೆ, ಆದರೆ ಅವತ್ತು ನುಚ್ಚು ಇರಲಿಲ್ಲ, ರೊಟ್ಟಿ ಇತ್ತು ಎಂದ. ಹೊಳೆವ್ವ ಅವನನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದಳು. ಬುಟ್ಟಿ ಎತ್ತಿಕೊಂಡು ಹೋದಳು. ಅದರ ಮರುದಿನ ರೊಟ್ಟಿ ಬಂದವು. ತೆಳ್ಳಗೆ ಬಡಿದು, ಎರಡೂ ಮಗ್ಗುಲು ಹದವಾಗಿ ಸುಟ್ಟ ರೊಟ್ಟಿ, ಮೆಂತೆಪಲ್ಯ, ಕೆನೆಮೊಸರು. ನನಗೇ ಬಾಯಲ್ಲಿ ನೀರೂರಿತು. ಮೂರು ದಿನದಿಂದ ಪರಸಪ್ಪ ಮಧ್ಯಾಹ್ನ ಬೇರೆ ಏನೂ ಮಾಡಿಕೊಂಡಿರಲಿಲ್ಲ, ಅವನ ಕಣ್ಣು ತಾಟಿನ ಮೇಲೇ ಇತ್ತು.

"ಇದರ ಜೋಡಿ ಚಟ್ನಿ ಇತ್ತು" ಎಂದ.

"ಯಾವ ಚಟ್ನಿ? ಗುರೆಳ್ಳು ಐತಿ, ಅಗಸಿ ಐತಿ, ಶೇಂಗಾ ಐತಿ. ಹೇಳು, ಈಗ ತರತೀನಿ."

ಪರಸಪ್ಪ ಬಹಳ ಯೋಚಿಸಿದ. ಆಕಾಶ ನೋಡಿದ. "ಮಾವಿನಕಾಯಿ ಚಟ್ನಿ" ಎಂದ.

ಆಮೆ ಸಿಕ್ಕದ್ದು ಕಾರ್ತಿಕದಲ್ಲಿ ಎಂಬುದು ಊರಿನ ಕೂಸಿಗೂ ಗೊತ್ತು.

"ಕಾರ್ತಿಕದಾಗ ಮಾವಿನಕಾಯಿ" ಎಂದ ರಾಚಪ್ಪ, ಕೇಳಿದಂತೆಯೂ ಅಲ್ಲ, ಹೇಳಿದಂತೆಯೂ ಅಲ್ಲ.

"ಗೌರವ್ವನ ತವರಿನ ಗಿಡ. ಹೊತ್ತಲ್ಲದ ಹೊತ್ತಿಗಿ ಕಾಯಿ ಬಿಡತಿತ್ತು."

"ಈಗ ಐತೇನು ಆ ಗಿಡ?"

"ಕಡದಾರ."

ಹೊಳೆವ್ವ ತಾಟಿನ ಮುಂದೆ ಹಾಗೇ ಕೂತುಬಿಟ್ಟಳು. ಅವಳಿಗೆ ಅರ್ಥವಾದದ್ದು ನಿನ್ನೆಯೋ ಈಗಲೋ ನನಗೆ ಗೊತ್ತಾಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ತಗ್ಗಿದ ದನಿಯಲ್ಲಿ ಕೇಳಿದಳು:

"ಹಂಗಾದ್ರ ನೀ ಎಲ್ಲಿ ಮಲಗತಿ, ಭಾವ?"

"ಕಾಲದೆಸಿಗಿ."

"ಗೌರವ್ವ ಕಾಯತಿರತಾಳ."

"ಅಕಿ ಬದುಕಿದ್ದಾಗೂ ನಾ ಕಾಲದೆಸಿಗೇ ಮಲಗಿದಾಂವ. ಭಾಳ ಗೊರಕಿ ಹೊಡೀತಿ ಅಂತಿದ್ದಳು" ಎಂದ ಪರಸಪ್ಪ. "ಇನ್ನ ನೀ ಹೋದರ ಈ ಹೊಲದಾಗ ನನಗ ಮಣ್ಣ ಕೊಡವು ಅನ್ನಾವರು ಯಾರು?"

ರಾಚಪ್ಪ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಬುತ್ತಿ ಪೂರ್ತಿ ಆಗಿಲ್ಲ, ಮಾವಿನಕಾಯಿ ಬರುವವರೆಗೆ ಋಣ ಹಾಗೇ ಇರುತ್ತದೆ, ಪಟ್ಟಿಯೂ ಹಾಗೇ ಇರುತ್ತದೆ ಎಂದು ಹೇಳಿದ. ಹೇಳಿದವನು ಮತ್ತೆ ಕೂತು, ಮಾಡಿದ ರೊಟ್ಟಿ ಕೆಡಿಸಬಾರದಲ್ಲ ಎಂದ. ಸಾಕ್ಷಿಗಳು ಉಂಡರೆ ಋಣಕ್ಕೆ ಲೆಕ್ಕವಿಲ್ಲ. ನಾವಿಬ್ಬರೂ ಉಂಡೆವು. ಪರಸಪ್ಪ ಕೈ ಕಟ್ಟಿಕೊಂಡು ನಮ್ಮ ಬಾಯಿ ನೋಡುತ್ತ ಕೂತಿದ್ದ. ರೊಟ್ಟಿ ಮುರಿದ ಸದ್ದಿಗೊಮ್ಮೆ ಅವನ ಗಂಟಲ ಗಂಟು ಏರಿ ಇಳಿಯುತ್ತಿತ್ತು. ಒಂದು ಚೂರು ಬಾಯಿಗೆ ಹೋದರೂ ಎಲ್ಲ ಮುಗಿಯುತ್ತಿತ್ತು. ಹೊಳೆವ್ವ ಅದನ್ನು ತಿಳಿದೇ, ಒಂದು ರೊಟ್ಟಿಯ ಮೇಲೆ ಪಲ್ಯ ಹಾಕಿ ಅವನ ಮೂಗಿನ ಮುಂದೆ ಹಿಡಿದು, ಬೇಕೇನು ಎಂದಳು. ಬೇಡ ಎಂದು ಅವನು ಮುಖ ಆಚೆ ತಿರುಗಿಸಿದ.

ಅವಳು ನನ್ನ ಹತ್ತಿರ ಕೋಳಿಗಳನ್ನು ವಾಪಸು ಕೇಳಿದಳು. ಎರಡು ಮೊಟ್ಟೆ ಇಟ್ಟಿದ್ದವು, ಅವನ್ನೂ ಒಯ್ದಳು. ಬೀಸುವ ಕಲ್ಲು ಹೋದ ದಾರಿಯಲ್ಲೇ ಉರುಳಿ ಬಂತು.

ಚೈತ್ರದಲ್ಲಿ ಊರ ಮಾವು ಕಾಯಿ ಹಿಡಿದ ಕೂಡಲೇ ಹೊಳೆವ್ವ ಚಟ್ನಿ ಅರೆದು, ರೊಟ್ಟಿ ಸುಟ್ಟು, ಬುಟ್ಟಿ ಹೊತ್ತು ಹೋದಳು. ರಾಚಪ್ಪನೂ ನಾನೂ ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಿದ್ದೆವು. ಪರಸಪ್ಪ ಚಟ್ನಿಯ ಬಟ್ಟಲನ್ನು ದೂರದಿಂದಲೇ ಮೂಸಿದ.

"ಬಳ್ಳೊಳ್ಳಿ ಬಿದ್ದೈತಿ" ಎಂದ. "ಗೌರವ್ವ ಹಾಕತಿರಲಿಲ್ಲ."

"ಹಾಕೂದಿಲ್ಲ ಬಿಡು" ಎಂದಳು ಹೊಳೆವ್ವ, ನಮ್ಮ ಮುಂದೆ ತಾಟು ಇಡುತ್ತ. "ಮುಂದಿನ ವರ್ಷ ನೋಡೂಣು."